ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ: ಬೂಟ್ ಆಗದ ಕಂಪ್ಯೂಟರ್, ಮುಗಿಯದ ಅಪ್‌ಡೇಟ್

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದ್ದು, ಕಂಪ್ಯೂಟರ್ ಆನ್ ಆಗುತ್ತೆ ಆದ್ರೆ ವಿಂಡೋಸ್ ಬರಲ್ಲ, ಇಲ್ಲಾಂದ್ರೆ ಅಪ್‌ಡೇಟ್ ಕೂತ್ಕೊಳ್ಳಲ್ಲ. ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್, ಮೊನ್ನೆ ರಾತ್ರಿ ಲ್ಯಾಪ್‌ಟಾಪ್ ಅಪ್‌ಡೇಟ್ ಹಾಕ್ಕೊಂಡು ಆಫ್ ಆಯ್ತು, ಬೆಳಿಗ್ಗೆ ಆನ್ ಮಾಡಿದ್ರೆ ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್ ಅಂತ ಬರುತ್ತೆ, ಸ್ವಲ್ಪ ಹೊತ್ತಾದ್ಮೇಲೆ ರಿಪೇರಿ ಆಗ್ಲಿಲ್ಲ ಅಂತ ನೀಲಿ ಸ್ಕ್ರೀನ್, ರೀಸ್ಟಾರ್ಟ್ ಮಾಡಿದ್ರೆ ಮತ್ತೆ ಅದೇ. ಹತ್ತು ಹದಿನೈದು ಸಲ ಆಫ್ ಆನ್ ಮಾಡಿ ನೋಡ್ದೆ. ಒಳಗೆ ನನ್ನ ಪಿಎಚ್‌ಡಿ ಥೀಸಿಸ್ ಇದೆ, ಬೇರೆಲ್ಲೂ ಕಾಪಿ ಇಲ್ಲ. ಗೊತ್ತಿರೋರೆಲ್ಲ ಫಾರ್ಮ್ಯಾಟ್ ಹೊಡೀಬೇಕು ಅಂತಿದಾರೆ. ಏನ್ಮಾಡ್ಲಿ?

ಉತ್ತರ: ಮೊದ್ಲು ಆ ಆಫ್ ಆನ್ ಮಾಡೋದನ್ನ ನಿಲ್ಸಿ. ಫಾರ್ಮ್ಯಾಟ್ ಮಾತು ಈಗ ಬೇಡವೇ ಬೇಡ, ನಿಮ್ಮ ಥೀಸಿಸ್ ಹೆಚ್ಚೂಕಮ್ಮಿ ಅಲ್ಲೇ ಇದೆ ಅಂತ ನಂಗನ್ಸುತ್ತೆ. ಯಾಕಂದ್ರೆ ಆ ನೀಲಿ ರಿಪೇರಿ ಸ್ಕ್ರೀನ್ ಬರೋದೇ ಅದೇ ಡಿಸ್ಕಿನ ಇನ್ನೊಂದು ಸಣ್ಣ ಪಾರ್ಟಿಶನ್ನಿಂದ (ಪಾರ್ಟಿಶನ್ ಅಂದ್ರೆ ಡಿಸ್ಕಿನ ಒಂದು ಪಾಲು), ಅದು ಬರ್ತಿದೆ ಅಂದ್ರೆ ಡಿಸ್ಕ್ ಪೂರ್ತಿ ಸತ್ತಿಲ್ಲ, ಕೆಟ್ಟಿರೋದು ವಿಂಡೋಸ್ ಶುರುವಾಗೋ ದಾರಿ ಮಾತ್ರ ಇರ್ಬಹುದು.

ಹಂಗಾಗಿ ಮೊದಲ ಕೆಲಸ ರಿಪೇರಿ ಅಲ್ಲ, ಕಾಪಿ. ಒಂದು ಪೆನ್‌ಡ್ರೈವ್ ಹಾಕಿ, ಅದೇ ನೀಲಿ ಸ್ಕ್ರೀನಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್ ಒತ್ತಿ, ಟ್ರಬಲ್‌ಶೂಟ್‌ಗೆ ಹೋಗಿ, ಮತ್ತೆ ಅಡ್ವಾನ್ಸ್ಡ್ ಆಪ್ಶನ್ಸ್, ಅಲ್ಲಿ ಕಮಾಂಡ್ ಪ್ರಾಂಪ್ಟ್. ಕಪ್ಪು ವಿಂಡೋ ಬಂದ್ಮೇಲೆ ನೋಟ್‌ಪ್ಯಾಡ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಹೊಡೀರಿ, ನೋಟ್‌ಪ್ಯಾಡ್ ತೆರೆಯುತ್ತೆ. ಅದ್ರಲ್ಲಿ ಫೈಲ್, ಓಪನ್ ಒತ್ತಿ, ಕೆಳಗಡೆ ಟೆಕ್ಸ್ಟ್ ಡಾಕ್ಯುಮೆಂಟ್ಸ್ ಅಂತಿರೋದನ್ನ ಆಲ್ ಫೈಲ್ಸ್ ಮಾಡಿ. ಈಗ ಆ ಸಣ್ಣ ಬಾಕ್ಸಲ್ಲೇ ನಿಮ್ಮ ಡ್ರೈವ್‌ಗಳೆಲ್ಲ ಕಾಣುತ್ತೆ, ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರು, ಅದ್ರೊಳಗೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್. ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್. ಇಲ್ಲಿ ಎರಡು ವಿಷಯ ಗಮನದಲ್ಲಿಡಿ: ಈ ಜಾಗದಲ್ಲಿ ನಿಮ್ಮ ಸಿ ಡ್ರೈವ್ ಡಿ ಅಂತಲೋ ಇ ಅಂತಲೋ ಕಾಣ್ಬಹುದು, ಗಾಬರಿ ಬೇಡ. ಇನ್ನೊಂದು, ಕಾಪಿ ಎಷ್ಟಾಯ್ತು ಅಂತ ತೋರ್ಸೋ ಪಟ್ಟಿ ಬರಲ್ಲ, ಸುಮ್ನೆ ಹ್ಯಾಂಗ್ ಆದಂಗಿರುತ್ತೆ, ಕಾಯ್ಬೇಕು ಅಷ್ಟೇ. ಕಾಪಿ ಆದ್ಮೇಲೆ ಆ ಪೆನ್‌ಡ್ರೈವನ್ನ ಬೇರೆ ಕಂಪ್ಯೂಟರಲ್ಲಿ ಹಾಕಿ ಥೀಸಿಸ್ ಫೈಲ್ ತೆರೆದು ಕೊನೇ ಪುಟದವರೆಗೂ ನೋಡಿ, ಆಮೇಲೆ ರಿಪೇರಿ ಶುರು ಮಾಡಿ.

ನಾನು ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ವರ್ಷಗಳ ಹಿಂದೆ ನನ್ನದೇ ಹಾರ್ಡ್‌ಡಿಸ್ಕ್ ಹಿಂಗೇ ಕೈಕೊಟ್ಟಾಗ ನಾನು ಕಾಪಿ ಮಾಡದೇನೇ ನೇರ ಚೆಕ್ ಡಿಸ್ಕ್ ಅನ್ನೋ ಡಿಸ್ಕ್ ತಪಾಸಣೆ ಟೂಲ್ ಓಡಿಸ್ದೆ, ಅದು ಗಂಟೆಗಟ್ಲೆ ಡಿಸ್ಕಿನ ಮೂಲೆಮೂಲೆ ಓದ್ತಾ ಹೋಯ್ತು, ಮೊದಲೇ ಟಿಕ್ ಟಿಕ್ ಅಂತಿದ್ದ ಡಿಸ್ಕ್ ಮಧ್ಯರಾತ್ರಿ ಪೂರ್ತಿ ನಿಂತೋಯ್ತು. ಆರು ವರ್ಷದ ಫೋಟೋ ಹೋಯ್ತು. ಸಾಯ್ತಿರೋ ಡಿಸ್ಕಿಗೆ ಚೆಕ್ ಡಿಸ್ಕ್ ಔಷಧ ಅಲ್ಲ, ಹೊರೆ.

ಈಗ ರಿಪೇರಿ. ಅಪ್‌ಡೇಟ್ ಆದ್ಮೇಲೆ ಶುರುವಾಗಿದ್ದು ಅಂತ ಹೇಳಿದೀರಲ್ಲ, ಅದೇ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಅಂತಿದೆ, ಅದ್ರಲ್ಲಿ ಕ್ವಾಲಿಟಿ ಅಪ್‌ಡೇಟ್ ಅಂತಿರೋದನ್ನ ಮೊದ್ಲು ತೆಗೆದು ನೋಡಿ, ಬಹಳ ಕೇಸಲ್ಲಿ ಅಷ್ಟಕ್ಕೇ ಸರಿ ಹೋಗುತ್ತೆ. ಆಗ್ಲಿಲ್ಲ ಅಂದ್ರೆ ಸಿಸ್ಟಮ್ ರಿಸ್ಟೋರ್, ಅದು ವಿಂಡೋಸನ್ನ ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುತ್ತೆ. ಅದೂ ಇಲ್ಲ ಅಂದ್ರೆ ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಒತ್ತಿ ರೀಸ್ಟಾರ್ಟ್ ಕೊಡಿ, ಬರೋ ಪಟ್ಟಿಯಲ್ಲಿ 4 ಒತ್ತಿದ್ರೆ ಸೇಫ್ ಮೋಡ್, ಅಂದ್ರೆ ತೀರಾ ಬೇಕಾದ್ದು ಮಾತ್ರ ಹಾಕ್ಕೊಂಡು ವಿಂಡೋಸ್ ಶುರುವಾಗೋದು. ಹಳಬರು ಎಫ್8 ಒತ್ತಿ ಅಂತಾರೆ, ಅದು ವಿಂಡೋಸ್ 7ರ ಕಾಲದ್ದು, 8ರಿಂದ ಈಚೆಗೆ ಅದನ್ನ ಮೊದಲಿಂದಲೇ ಆಫ್ ಮಾಡಿಟ್ಟಿರ್ತಾರೆ. ಸೇಫ್ ಮೋಡಲ್ಲಿ ವಿಂಡೋಸ್ ಬಂತು ಅಂದ್ರೆ ತಪ್ಪು ಯಾವುದೋ ಡ್ರೈವರ್‌ದೋ (ಹಾರ್ಡ್‌ವೇರ್ ನಡೆಸೋ ಸಾಫ್ಟ್‌ವೇರ್) ಆಂಟಿವೈರಸ್‌ದೋ ಅಂತ ಬಹುಮಟ್ಟಿಗೆ ಗೊತ್ತಾದಂಗೆ, ಇತ್ತೀಚೆಗೆ ಹಾಕಿದ್ದನ್ನ ಒಂದೊಂದಾಗಿ ತೆಗೀರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪೆನಿಯ ಸೆಕ್ಯೂರಿಟಿ ಸಾಫ್ಟ್‌ವೇರಿನ ಒಂದೇ ಒಂದು ಕೆಟ್ಟ ಫೈಲ್ ಬಂದು ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನಿಂತುಹೋದ್ವಲ್ಲ, ವಿಮಾನ ನಿಲ್ದಾಣ, ಆಸ್ಪತ್ರೆ ಎಲ್ಲ ಕಡೆ ನೀಲಿ ಸ್ಕ್ರೀನ್. ಅವತ್ತು ಎಷ್ಟೋ ಕಂಪ್ಯೂಟರನ್ನ ಎಬ್ಬಿಸಿದ್ದು ಹಿಂಗೇ, ಸೇಫ್ ಮೋಡಿಗೆ ಹೋಗಿ ಆ ಫೈಲ್ ಡಿಲೀಟ್ ಮಾಡಿ. ಒಳಗಿದ್ದ ಡೇಟಾಗೆ ಏನೂ ಆಗಿರ್ಲಿಲ್ಲ.

ಇದ್ಯಾವುದೂ ನಡೀಲಿಲ್ಲ ಅಂದ್ರೆ ರಿಸೆಟ್ ದಿಸ್ ಪಿಸಿ ಇದೆ, ಕೀಪ್ ಮೈ ಫೈಲ್ಸ್ ಅಂತ ಕೊಟ್ರೆ ಫೈಲ್ ಉಳಿಯುತ್ತೆ ಆದ್ರೆ ನೀವು ಹಾಕಿದ ಸಾಫ್ಟ್‌ವೇರ್‌ಗಳು ಹೋಗುತ್ತೆ. ನಿಮ್ಮ ಹತ್ರ ಕಾಪಿ ಇರೋದ್ರಿಂದ ಆಗ ಧೈರ್ಯವಾಗಿ ಒತ್ತಬಹುದು.

ಪ್ರಶ್ನೆ: ನಮ್ಮ ಕಂಪ್ಯೂಟರಲ್ಲಿ ಅಪ್‌ಡೇಟ್ ಡೌನ್‌ಲೋಡ್ ಆಗುತ್ತೆ, ರೀಸ್ಟಾರ್ಟ್ ಆದ್ಮೇಲೆ ಸ್ವಲ್ಪ ದೂರ ಹೋಗಿ ಅನ್‌ಡೂಯಿಂಗ್ ಚೇಂಜಸ್ ಅಂತ ವಾಪಸ್ ಬರುತ್ತೆ. ಮೂರು ತಿಂಗಳಿಂದ ಇದೇ ಕಥೆ. ಸಿ ಡ್ರೈವಲ್ಲಿ ಜಾಗ ಬೇಕಾದಷ್ಟಿದೆ. ಅಪ್‌ಡೇಟ್ ಆಫ್ ಮಾಡ್ಬಿಡ್ಲಾ?

ಉತ್ತರ: ಆಫ್ ಮಾಡ್ಬೇಡಿ, ತಿಂಗಳಾ ತಿಂಗಳಾ ಬರೋದ್ರಲ್ಲಿ ಸೆಕ್ಯೂರಿಟಿ ತೂತು ಮುಚ್ಚೋದೇ ಮುಖ್ಯ. ಮೊದ್ಲು ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್, ಅದ್ರಲ್ಲಿ ಅಪ್‌ಡೇಟ್ ಹಿಸ್ಟರಿ ತೆಗೆದು ಯಾವ ಎರರ್ ಕೋಡ್ ಇದೆ ಅಂತ ಬರ್ಕೊಳ್ಳಿ, ನೀವು ಅದನ್ನ ಬರೆದಿಲ್ಲ. ಕೋಡ್ ಇಲ್ದೆ ರಿಪೇರಿ ಅಂದ್ರೆ ಕತ್ತಲಲ್ಲಿ ಹುಡುಕಿದಂಗೆ. 80070070 ಅಂತಿದ್ರೆ ಡಿಸ್ಕಲ್ಲಿ ಜಾಗ ಇಲ್ಲ ಅಂತ ನೇರ ಅರ್ಥ. 800ಎಫ್0922 ಅಂತಿದ್ರೆ ಬಹಳ ಸಲ ಸಿಸ್ಟಮ್ ರಿಸರ್ವ್ಡ್ ಪಾರ್ಟಿಶನ್ ತುಂಬಿರುತ್ತೆ, ಅದು ಕಣ್ಣಿಗೆ ಕಾಣದ ಸಣ್ಣ ಪಾರ್ಟಿಶನ್, ಸಿ ಡ್ರೈವಲ್ಲಿ ನೂರಾರು ಜಿಬಿ ಖಾಲಿ ಇದ್ರೂ ಅದಕ್ಕೆ ಪ್ರಯೋಜನ ಇಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಕೆಬಿ5034441 ಅಂತ ಒಂದು ಅಪ್‌ಡೇಟ್ ಬಂದಿತ್ತು, ಎಷ್ಟೋ ಜನಕ್ಕೆ 80070643 ಅಂತ ಫೇಲ್ ಆಯ್ತು, ಕಾರಣ ರಿಕವರಿ ಪಾರ್ಟಿಶನಲ್ಲಿ (ಆ ನೀಲಿ ರಿಪೇರಿ ಸ್ಕ್ರೀನ್ ಇರೋ ಪಾಲು) 250 ಎಂಬಿ ಖಾಲಿ ಜಾಗ ಬೇಕಿತ್ತು, ಅದಿರ್ಲಿಲ್ಲ, ಆದ್ರೆ ಎರರ್ ನೋಡಿದ್ರೆ ಅದು ಗೊತ್ತಾಗೋ ಹಂಗೇ ಇರ್ಲಿಲ್ಲ. ಹಂಗಾಗಿ ಜಾಗ ಇದೆ ಅನ್ನೋ ಮಾತನ್ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅನ್ನೋ ವಿಂಡೋಸ್ ಟೂಲ್ ತೆರೆದು ಎಲ್ಲ ಪಾರ್ಟಿಶನ್ ನೋಡಿ ಹೇಳ್ಬೇಕು.

ಕೋಡಿಂದ ಏನೂ ಸುಳಿವು ಸಿಗ್ಲಿಲ್ಲ ಅಂದ್ರೆ ಹೊರಗಿಂದ ಹಾಕಿದ ಆಂಟಿವೈರಸ್ ಇದ್ರೆ ಅದನ್ನ ತೆಗೆದು, ಬೇಡದ ಯುಎಸ್‌ಬಿ ಸಾಮಾನೆಲ್ಲ ಕಳಚಿ ಒಂದ್ಸಲ ಟ್ರೈ ಮಾಡಿ. ಆಮೇಲೆ ವಿಂಡೋಸ್ ಅಪ್‌ಡೇಟ್ ಸರ್ವಿಸನ್ನೂ ಬಿಟ್ಸ್ ಅನ್ನೋ ಡೌನ್‌ಲೋಡ್ ಸರ್ವಿಸನ್ನೂ ನಿಲ್ಸಿ, ವಿಂಡೋಸ್ ಫೋಲ್ಡರ್ ಒಳಗಿರೋ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್ ಅನ್ನೋ ಫೋಲ್ಡರ್ ಹೆಸರು ಬದಲಾಯಿಸಿ, ಅರ್ಧಂಬರ್ಧ ಡೌನ್‌ಲೋಡ್ ಆಗಿ ಕೆಟ್ಟಿರೋದೆಲ್ಲ ಅಲ್ಲೇ ಇರುತ್ತೆ, ವಿಂಡೋಸ್ ಹೊಸ ಫೋಲ್ಡರ್ ತಾನೇ ಮಾಡ್ಕೊಳ್ಳುತ್ತೆ. ಇಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಡಿಸ್ಮ್ ಮತ್ತೆ ಎಸ್‌ಎಫ್‌ಸಿ ಅನ್ನೋ ಎರಡು ಕಮಾಂಡ್ ಇದೆ, ಬಹಳ ಜನ ಎಸ್‌ಎಫ್‌ಸಿ ಮೊದ್ಲು ಓಡಿಸ್ತಾರೆ, ನಾನು ಡಿಸ್ಮ್‌ನ ರಿಸ್ಟೋರ್ ಹೆಲ್ತ್ ಮೊದ್ಲು ಅಂತೀನಿ. ಎಸ್‌ಎಫ್‌ಸಿ ಕೆಟ್ಟ ಫೈಲಿನ ಜಾಗಕ್ಕೆ ಒಳ್ಳೆ ಫೈಲ್ ತರೋದು ವಿಂಡೋಸ್ ಒಳಗಿರೋ ಒಂದು ಉಗ್ರಾಣದಿಂದ, ಆ ಉಗ್ರಾಣವೇ ಹಾಳಾಗಿದ್ರೆ ಅದೇನು ತರುತ್ತೆ? ಡಿಸ್ಮ್ ಆ ಉಗ್ರಾಣವನ್ನ ಸರಿ ಮಾಡುತ್ತೆ.

ಕೊನೇದು, ನನಗೆ ತುಂಬಾ ನಂಬಿಕೆ ಇರೋದು: ಮೈಕ್ರೋಸಾಫ್ಟ್ ಸೈಟಿಂದ ವಿಂಡೋಸ್‌ನ ಐಎಸ್‌ಒ ಫೈಲ್ (ಪೂರ್ತಿ ಇನ್‌ಸ್ಟಾಲ್ ಡಿಸ್ಕೇ ಒಂದು ಫೈಲಲ್ಲಿ) ಇಳಿಸ್ಕೊಂಡು, ವಿಂಡೋಸ್ ಓಡ್ತಿರೋವಾಗ್ಲೇ ಅದನ್ನ ತೆರೆದು ಸೆಟಪ್ ಓಡಿಸಿ, ಫೈಲ್ಸ್ ಮತ್ತು ಆ್ಯಪ್ಸ್ ಎರಡೂ ಇಟ್ಕೋ ಅಂತ ಕೊಡಿ. ಹಳೇ ವಿಂಡೋಸ್ ಮೇಲೆ ಹೊಸ ವಿಂಡೋಸ್ ಕೂರುತ್ತೆ, ನಿಮ್ಮ ಸಾಮಾನು ಅಲ್ಲೇ ಇರುತ್ತೆ. ಪೆನ್‌ಡ್ರೈವಿಂದ ಬೂಟ್ ಮಾಡಿದ್ರೆ ಮಾತ್ರ ಈ ಆಪ್ಶನ್ ಸಿಗಲ್ಲ, ನೆನಪಿರ್ಲಿ. ಇದಕ್ಕೂ ಮುಂಚೆ ಬ್ಯಾಕಪ್ ತಗೊಳ್ಳಿ.

ಪ್ರಶ್ನೆ: ಪವರ್ ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಒಮ್ಮೊಮ್ಮೆ ಬೀಪ್ ಬೀಪ್ ಅಂತ ಶಬ್ದ. ವಿಂಡೋಸ್ ಹೊಸದಾಗಿ ಹಾಕ್ಬೇಕಾ?

ಉತ್ತರ: ಬೇಡ, ನಿಮ್ಮದು ವಿಂಡೋಸ್‌ವರೆಗೂ ಹೋಗೇ ಇಲ್ಲ. ಕಂಪೆನಿಯ ಲೋಗೋ ಕೂಡ ಬರ್ತಿಲ್ಲ ಅಂದ್ರೆ ಹಾರ್ಡ್‌ವೇರ್ ಕಡೆ ನೋಡ್ಬೇಕು, ಅದ್ರಲ್ಲೂ ಬೀಪ್ ಬಂದ್ರೆ ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಹೋಗ್ಲಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ರ‍್ಯಾಮ್ ತೆಗೆದು ಕ್ಲಿಪ್ ಕ್ಲಿಕ್ ಅನ್ನೋ ತನಕ ಮತ್ತೆ ಕೂರಿಸಿ. ಎರಡಿದ್ರೆ ಒಂದೊಂದೇ ಹಾಕಿ ನೋಡಿ. ಬೀಪಿನ ಲೆಕ್ಕ ಒಂದೊಂದು ಬೋರ್ಡಿಗೆ ಒಂದೊಂದು ಥರ, ನಿಮ್ಮ ಮದರ್‌ಬೋರ್ಡ್ ಮ್ಯಾನ್ಯುಯಲಲ್ಲಿ ಬರೆದಿರುತ್ತೆ. ಗ್ರಾಫಿಕ್ಸ್ ಕಾರ್ಡ್ ಇದ್ರೆ ಮಾನಿಟರ್ ಕೇಬಲ್ ಅದಕ್ಕೇ ಹಾಕಿದೀರಾ ಇಲ್ಲಾ ಬೋರ್ಡಿಗೆ ಹಾಕಿದೀರಾ ಅಂತಲೂ ನೋಡಿ.

ಪ್ರಶ್ನೆ: ಹಳೇ ಡೆಸ್ಕ್‌ಟಾಪ್ ದಿನಾ ಬೆಳಿಗ್ಗೆ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತೆ. ಅಪ್‌ಡೇಟೂ ಆಗಲ್ಲ, ವೆಬ್‌ಸೈಟ್ ತೆಗೆದ್ರೆ ಸುರಕ್ಷಿತ ಅಲ್ಲ ಅಂತ ಬರುತ್ತೆ. ವೈರಸ್ಸಾ?

ಉತ್ತರ: ವೈರಸ್ ಅಲ್ಲ, ಬೋರ್ಡ್ ಮೇಲಿರೋ ನಾಣ್ಯದ ಥರದ ಬ್ಯಾಟರಿ ಮುಗಿದಿದೆ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿಂದು. ಸುರಕ್ಷಿತ ವೆಬ್‌ಸೈಟ್‌ಗಳ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ, ನಿಮ್ಮ ಕಂಪ್ಯೂಟರ್ ಹಳೇ ವರ್ಷದಲ್ಲಿ ಕೂತು ನೋಡಿದ್ರೆ ಅವೆಲ್ಲ ಇನ್ನೂ ಶುರುವೇ ಆಗಿಲ್ಲ ಅನ್ಸುತ್ತೆ, ಅದಕ್ಕೇ ಅಪ್‌ಡೇಟ್ ಸರ್ವರನ್ನೂ ನಂಬಲ್ಲ. ಬ್ಯಾಟರಿ ಬದಲಾಯಿಸಿ ತಾರೀಕು ಸರಿ ಮಾಡಿ. ಇದನ್ನ ಸಣ್ಣದು ಅಂತ ಬಿಡ್ಬೇಡಿ, ಆ ಬ್ಯಾಟರಿ ಹೋದ್ರೆ ಹಳೇ ಬೋರ್ಡ್‌ಗಳಲ್ಲಿ ಬಯಾಸ್ (ವಿಂಡೋಸಿಗೂ ಮುಂಚೆ ಕಂಪ್ಯೂಟರನ್ನ ಎಬ್ಬಿಸೋ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗೂ ಮರೆತುಹೋಗಿ ಬೋರ್ಡ್ ಡಿಸ್ಕಿನ ಜೊತೆ ಮಾತಾಡೋ ಮೋಡ್ ಎಎಚ್‌ಸಿಐನಿಂದ ಬೇರೆಯದಕ್ಕೆ ಹೋಗ್ಬಹುದು, ಆಗ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅಂತ ವಿಂಡೋಸೇ ಬರಲ್ಲ.

ಪ್ರಶ್ನೆ: ಬಯಾಸ್ ಅಪ್‌ಡೇಟ್ ಮಾಡ್ದೆ, ಈಗ ಬಿಟ್‌ಲಾಕರ್ ರಿಕವರಿ ಕೀ ಕೇಳ್ತಿದೆ. ನಾನು ಯಾವತ್ತೂ ಅಂಥದ್ದೊಂದು ಹಾಕೇ ಇಲ್ಲ.

ಉತ್ತರ: ನೀವು ಹಾಕಿಲ್ಲ ನಿಜ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದ್ರೆ ಬಿಟ್‌ಲಾಕರ್, ಅಂದ್ರೆ ಡಿಸ್ಕಿಗೆ ಬೀಗ ಹಾಕೋ ಎನ್‌ಕ್ರಿಪ್ಶನ್, ತಾನೇ ಆನ್ ಆಗಿರುತ್ತೆ. ಬಯಾಸ್ ಬದಲಾಗಿದ್ದನ್ನ ಬೀಗದ ಕೀ ಕಾಯೋ ಟಿಪಿಎಂ ಅನ್ನೋ ಸೆಕ್ಯೂರಿಟಿ ಚಿಪ್ ಗಮನಿಸಿ ಬೀಗ ತೆಗೆಯೋಕೆ ಒಪ್ತಿಲ್ಲ, ಅಷ್ಟೇ. ಫೋನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ ಪುಟಕ್ಕೆ ಹೋಗಿ ಡಿವೈಸಸ್ ಒಳಗೆ ನೋಡಿ, 48 ಅಂಕಿಯ ಕೀ ಇರುತ್ತೆ, ಸ್ಕ್ರೀನ್ ಮೇಲಿನ ಕೀ ಐಡಿ ಜೊತೆ ಹೊಂದುತ್ತಾ ಅಂತ ತಾಳೆ ನೋಡಿ ಹಾಕಿ. ಲ್ಯಾಪ್‌ಟಾಪ್ ಮೊದ್ಲು ಸೆಟಪ್ ಮಾಡಿದ್ದು ಮನೆಯಲ್ಲಿ ಬೇರೆಯವ್ರಾದ್ರೆ ಅವ್ರ ಅಕೌಂಟಲ್ಲಿ, ಆಫೀಸಿಂದಾದ್ರೆ ಅಲ್ಲಿನ ಐಟಿಯವ್ರ ಹತ್ರ. ಕೀ ಇಲ್ದೆ ಒಳಗಿನ ಡೇಟಾ ತೆಗೆದುಕೊಡ್ತೀನಿ ಅನ್ನೋರ ಮಾತು ನಂಬ್ಬೇಡಿ. ಮುಂದಿನ ಸಲ ಬಯಾಸ್ ಅಪ್‌ಡೇಟಿಗೆ ಮುಂಚೆ ಬಿಟ್‌ಲಾಕರನ್ನ ಸಸ್ಪೆಂಡ್ ಮಾಡಿ.

ಪ್ರಶ್ನೆ: ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತು ಅಂತ 11 ಹಾಕೋಕೆ ಹೋದೆ. ಯಾರೋ ಹೇಳಿದ್ರು ಅಂತ ಬಯಾಸಲ್ಲಿ ಸಿಎಸ್‌ಎಂ (ಹಳೇ ಥರ ಬೂಟ್ ಮಾಡೋಕೆ ಬಿಡೋ ಸೆಟ್ಟಿಂಗ್) ಆಫ್ ಮಾಡಿ ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರನ್ನ ಮಾತ್ರ ಬೂಟ್ ಮಾಡೋಕೆ ಬಿಡೋದು) ಆನ್ ಮಾಡ್ದೆ, ಈಗ ವಿಂಡೋಸ್ 10ಊ ಬರ್ತಿಲ್ಲ, ಬೂಟ್ ಡಿವೈಸ್ ಇಲ್ಲ ಅಂತಿದೆ.

ಉತ್ತರ: ಏನೂ ಹಾಳಾಗಿಲ್ಲ. ಬಯಾಸಿಗೆ ಹೋಗಿ ಸೆಕ್ಯೂರ್ ಬೂಟ್ ಆಫ್, ಸಿಎಸ್‌ಎಂ ಆನ್, ಮೊದ್ಲಿದ್ದಂಗೆ ಇಡಿ, ವಿಂಡೋಸ್ 10 ಬರುತ್ತೆ. ನಿಮ್ಮ ಡಿಸ್ಕ್ ಪಾರ್ಟಿಶನ್ ಲೆಕ್ಕ ಇಡೋ ಎಂಬಿಆರ್ ಅನ್ನೋ ಹಳೇ ಪದ್ಧತಿದು, ಸಿಎಸ್‌ಎಂ ಆಫ್ ಆದ್ರೆ ಬೋರ್ಡ್ ಜಿಪಿಟಿ ಅನ್ನೋ ಹೊಸ ಪದ್ಧತಿಯ ಬೂಟ್ ಫೈಲ್ ಹುಡುಕುತ್ತೆ, ಸಿಗಲ್ಲ. ಮೊದ್ಲು ಡಿಸ್ಕಿನ ಪದ್ಧತಿ ಬದಲಾಯಿಸಿ ಆಮೇಲೆ ಬಯಾಸ್ ಸೆಟ್ಟಿಂಗ್ ಬದಲಾಯಿಸ್ಬೇಕಿತ್ತು, ನಿಮಗೆ ಹೇಳಿದವ್ರು ಮೊದಲನೇ ಹೆಜ್ಜೆ ಬಿಟ್ಟಿದಾರೆ.

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು ನಿಜ, ಆದ್ರೆ 22ಎಚ್2 ಆವೃತ್ತಿ ಇದ್ದು ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಯೋಜನೆಗೆ ಸೇರ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೂ ಬರುತ್ತೆ, ಅವಸರದಲ್ಲಿ ಮಾಡೋ ಕೆಲಸ ಅಲ್ಲ ಇದು. 11ಕ್ಕೆ ಟಿಪಿಎಂ 2.0 ಬೇಕು, ಎಷ್ಟೋ ಕಂಪ್ಯೂಟರಲ್ಲಿ ಇದ್ದೂ ಆಫ್ ಆಗಿರುತ್ತೆ, ಇಂಟೆಲ್ ಬೋರ್ಡಲ್ಲಿ ಪಿಟಿಟಿ ಅಂತ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹೆಸರು. ಪ್ರೊಸೆಸರೂ ಮೈಕ್ರೋಸಾಫ್ಟ್ ಪಟ್ಟಿಯಲ್ಲಿದೆಯಾ ಅಂತ ಪಿಸಿ ಹೆಲ್ತ್ ಚೆಕ್ ಆ್ಯಪಲ್ಲಿ ನೋಡಿ. ಎಲ್ಲ ಸರಿ ಇದ್ರೆ ಬ್ಯಾಕಪ್ ತಗೊಂಡು ಎಂಬಿಆರ್ ಟು ಜಿಪಿಟಿ ಅಂತ ವಿಂಡೋಸ್ ಒಳಗೇ ಇರೋ ಟೂಲನ್ನ ಮೊದ್ಲು ವ್ಯಾಲಿಡೇಟ್ ಅಂತ ಓಡಿಸಿ, ಅದು ಪಾಸಾದ್ರೆ ಮಾತ್ರ ಕನ್ವರ್ಟ್ ಮಾಡಿ, ಆಮೇಲೆ ಸಿಎಸ್‌ಎಂ ಆಫ್. ಡಿಸ್ಕಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ ಇದ್ರೆ ವ್ಯಾಲಿಡೇಟ್ ಫೇಲ್ ಆಗುತ್ತೆ, ಆಗ ಯಾವುದೋ ಒಂದನ್ನ ಡಿಲೀಟ್ ಮಾಡೋಕೆ ಹೋಗ್ಬೇಡಿ, ಡಿಸ್ಕ್ ಮ್ಯಾನೇಜ್‌ಮೆಂಟಿನ ಫೋಟೋ ತೆಗೆದು ಕಳ್ಸಿ, ಯಾವುದು ತೆಗೀಬಹುದು ಅಂತ ನೋಡಿ ಹೇಳ್ತೀನಿ.