ಗೆದ್ದ ಮರುದಿನವೇ ಕೋಚ್ ಮನೆಗೆ?

ಗೆದ್ದ ಮರುದಿನವೇ ಅಮೆರಿಕದ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದ (ಅಮೆರಿಕನ್) ಫುಟ್‌ಬಾಲ್ ಕೋಚ್ ಜಿಂಬೋ ಫಿಶರ್ ಅವರನ್ನು ಯಾಕೆ ತೆಗೆದರು ಅಂತ ಕೇಳಿದ್ದೀರಿ. 2023ರ ನವೆಂಬರ್‌ನಲ್ಲಿ 51-10ರಿಂದ ಗೆದ್ದಿದ್ದರು, ನಿಜ. ಆದರೆ ಇದು ಒಂದು ಪಂದ್ಯದ ಮಾತಲ್ಲ. ಅಥ್ಲೆಟಿಕ್ ಡೈರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು, ಮೊದಲು ಕೋಚ್ ಜೊತೆಗಿನ ಒಪ್ಪಂದ ತೆಗೆದು ನೋಡುತ್ತಾರೆ. ಅವಧಿಗೆ ಮುಂಚೆ ಕಳಿಸಿದರೆ ದುಡ್ಡು ಕೊಡಬೇಕಲ್ವಾ? ಫಿಶರ್‌ಗೆ ಅದು 7.5 ಕೋಟಿ ಡಾಲರಿಗೂ ಜಾಸ್ತಿ! ಆದರೂ ಕಾಯಲಿಲ್ಲ. ಡಿಸೆಂಬರ್‌ನಲ್ಲಿ ತಂಡ ಸೇರಲು ಹೊಸ ಹುಡುಗರು ಸಹಿ ಹಾಕುತ್ತಾರೆ, ಅಷ್ಟರಲ್ಲಿ ಹೊಸ ಕೋಚ್ ಬೇಕು. ನವೆಂಬರ್ ಮುಗಿಯುವ ಮೊದಲೇ ಮೈಕ್ ಎಲ್ಕೊ ಬಂದರು.

ತೆಗೆದ ಸುದ್ದಿ ಹೇಳುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. 2013ರಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ ಸೋತು ಬಂದ ರಾತ್ರಿ, ಕೋಚ್ ಲೇನ್ ಕಿಫಿನ್ ಅವರನ್ನು ಡೈರೆಕ್ಟರ್ ಪ್ಯಾಟ್ ಹೇಡನ್ ವಿಮಾನ ನಿಲ್ದಾಣದಲ್ಲೇ ಕರೆದು ಹೇಳಿಬಿಟ್ಟರು. ಬೆಳಗಿನ ಜಾವ! ತಂಡದ ಬಸ್ ಅವರನ್ನು ಬಿಟ್ಟೇ ಹೊರಟಿತು. ನನಗಂತೂ ಪಾಪ ಅನ್ನಿಸಿತ್ತು.