ತಾರಸಿಯ ತೇಗದ ಬೆಂಚು, ಬೆತ್ತದ ಕುರ್ಚಿ, ಕಬ್ಬಿಣದ ಉಯ್ಯಾಲೆ: ಬೇಸಿಗೆಗೆ ಮುನ್ನ ಸರಿಪಡಿಸುವುದು ಹೇಗೆ?

ಮಳೆಗಾಲವಿಡೀ ತಾರಸಿಯ ಮೇಲೆಯೇ ಇದ್ದ ತೇಗದ ಬೆಂಚು ಬೂದಿಬಣ್ಣಕ್ಕೆ ತಿರುಗಿದೆ, ಬೆತ್ತದ ಎರಡು ಕುರ್ಚಿಗಳಿಗೆ ಬೂಷ್ಟು ಬಂದಿದೆ, ಕಬ್ಬಿಣದ ತೂಗುಯ್ಯಾಲೆಗೆ ತುಕ್ಕು ಹಿಡಿದಿದೆ. ಎಲ್ಲವನ್ನೂ ಕಾರು ತೊಳೆಯುವ ಪ್ರೆಷರ್ ಯಂತ್ರದಿಂದ ತೊಳೆಸಿ ವಾರ್ನಿಷ್ ಹೊಡೆಸಿದರೆ ಸಾಕೇ ಎಂದು ನೀವು ಕೇಳಿದ್ದೀರಿ. ನನ್ನ ಅನುಭವದಲ್ಲಿ ಎರಡೂ ಬೇಡ. ಯಂತ್ರದ ನೀರಿನ ಹೊಡೆತಕ್ಕೆ ಮರದ ಮೆದು ಭಾಗ ಕಿತ್ತುಹೋಗಿ ಮೇಲ್ಮೈ ಗೀರುಗೀರಾಗಿ ಎದ್ದು ನಿಲ್ಲುತ್ತದೆ. ಅಲ್ಲದೆ, 2024ರ ಮಾರ್ಚ್‌ನಲ್ಲಿ ಕಾವೇರಿ ನೀರಿನಲ್ಲಿ ವಾಹನ ತೊಳೆದವರಿಗೆ ಬೆಂಗಳೂರು ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದನ್ನು ಕಂಡ ಊರಿನಲ್ಲಿ, ಎರಡು ಬಕೆಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ನೀರು ಸುರಿಯಲು ನನಗಂತೂ ಮನಸ್ಸು ಬಾರದು.

ಮೊದಲು ಬೆಂಚಿನ ವಿಷಯ. ಆ ಬೂದಿಬಣ್ಣವನ್ನು ಕಂಡು ಮರ ಹಾಳಾಯಿತೆಂದು ಭಾವಿಸಬೇಡಿ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿಯುವ ಬೂದಿ ಪದರ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ನೈಲಾನ್ ಬ್ರಷ್‌ನಿಂದ ನಾರಿನ ಉದ್ದಕ್ಕೆ ಉಜ್ಜಿ. ಮರಕ್ಕೆ ತಂತಿಯ ಬ್ರಷ್ ಬೇಡವೇ ಬೇಡ, ಏಕೆಂದರೆ ಅದರಿಂದ ಉದುರುವ ಕಬ್ಬಿಣದ ಚೂರುಗಳು ತೇಗದ ಒಗರಿನೊಡನೆ ಸೇರಿ ಕಪ್ಪು ಚುಕ್ಕೆಗಳಾಗುತ್ತವೆ. ನಿಮ್ಮ ಬೆಂಚಿನ ಸ್ಕ್ರೂಗಳ ಸುತ್ತ ಕಪ್ಪು ಉಂಗುರಗಳಿದ್ದರೆ ಅವಕ್ಕೂ ಇದೇ ಕಾರಣ. ಸ್ಕ್ರೂಗಳನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಾಯಿಸಿ. ಕುಡಿಯುವ ನೀರು ಶುದ್ಧೀಕರಿಸುವ ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಉಜ್ಜುವುದಕ್ಕೆ ಧಾರಾಳವಾಗಿ ಸಾಕು, ಆದರೆ ಕೊನೆಯ ತೊಳೆತಕ್ಕೆ ಅದೂ ಬೇಡ, ಬೋರ್‌ವೆಲ್ ನೀರೂ ಬೇಡ. ಎರಡೂ ಗಡಸಾಗಿರುವುದರಿಂದ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ; ಅದಕ್ಕೆ ಗಡಸಲ್ಲದ ನೀರೇ ಬೇಕು.

ಇನ್ನು ಒಣಗಿಸುವುದು, ನಾನು ಸೋತದ್ದು ಇಲ್ಲೇ. ಒಂದು ವರ್ಷ ಆಗಸ್ಟ್‌ನಲ್ಲಿ ನಾಲ್ಕು ದಿನ ಮಳೆ ಬಿಡುವು ಕೊಟ್ಟಿತೆಂದು, ಮೇಲೆ ಮುಟ್ಟಿದರೆ ಒಣಗಿದಂತೆ ತೋರಿದ ಬೆಂಚಿಗೆ ದಪ್ಪನಾಗಿ ಅಗಸೆ ಎಣ್ಣೆ ಬಳಿದೆ. ಒಳಗಿನ ಪಸೆ ಒಳಗೇ ಉಳಿಯಿತು, ಮೇಲಿನ ಎಣ್ಣೆ ಬೂಷ್ಟಿಗೆ ಆಹಾರವಾಯಿತು. ದಸರೆಯ ವೇಳೆಗೆ ಬೆಂಚು ಕಾವಲಿಯ ತಳದಂತೆ ಕಪ್ಪಾಗಿತ್ತು. ಹಾಗಾಗಿ ಈ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಅವಧಿಯೇ ಸರಿ ಎಂದು ತೀರ್ಮಾನಿಸಿದ್ದೇನೆ, ಏಕೆಂದರೆ ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ ಹುಟ್ಟಿದ ಮೇಲೆ ಯಾವ ಸಂಜೆಯನ್ನೂ ನೆಚ್ಚುವಂತಿಲ್ಲ. ಬೆಂಚನ್ನು ಗಾಳಿಯಾಡುವ ನೆರಳಿನಲ್ಲಿ ಮೂರು ದಿನ ಬಿಟ್ಟು, ಅಡಿಮೇಲು ಮಾಡಿ ಕಾಲುಗಳ ಬುಡವನ್ನು ಮುಟ್ಟಿ ನೋಡಿ. ನೀರು ಹೆಚ್ಚು ಹೀರುವುದೂ ಕೊನೆಗೆ ಒಣಗುವುದೂ ಅದೇ ಜಾಗ.

ಒಣಗಿದ ಮೇಲೆ ತರಿಯ ಸಂಖ್ಯೆ 120 ಇರುವ ಸ್ಯಾಂಡ್ ಪೇಪರ್‌ನಿಂದ ನಾರಿನ ದಿಕ್ಕಿನಲ್ಲಿ ಉಜ್ಜಿದರೆ ಜೇನುಬಣ್ಣ ಮತ್ತೆ ಕಾಣಿಸಿಕೊಳ್ಳುತ್ತದೆ. ವಾರ್ನಿಷ್ ಮರದ ಮೇಲೆ ಪೊರೆಯಾಗಿ ಕೂರುತ್ತದೆ. ಬಿಸಿಲು ಮಳೆಗೆ ಮರ ಹಿಗ್ಗಿ ಕುಗ್ಗುವಾಗ ಆ ಪೊರೆ ಬಿರಿದು, ಸಂದಿಯಲ್ಲಿ ನೀರು ಇಳಿದು, ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಹೊರಾಂಗಣಕ್ಕೆಂದೇ ಮಾರುವ, ಬೂಷ್ಟು ತಡೆಯುವ ಟೀಕ್ ಆಯಿಲ್ ತನ್ನಿ; ಎಸ್.ಪಿ. ರಸ್ತೆಯ ಕಡೆ ಹೋಗುವುದಿದ್ದರೆ ಸ್ಯಾಂಡ್ ಪೇಪರ್, ಸ್ಕ್ರೂಗಳೂ ಒಟ್ಟಿಗೆ ಸಿಗುತ್ತವೆ. ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಮರ ಹೀರದೆ ಉಳಿದದ್ದನ್ನು ಒರೆಸಿ ತೆಗೆಯಿರಿ, ಮರುದಿನ ಇನ್ನೊಮ್ಮೆ. ಕಾಲುಗಳ ಬುಡಕ್ಕೆ ಮಾತ್ರ ನಾನು ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳಲ್ಲಿ ಎಣ್ಣೆ ಸುರಿದು, ಒಂದೊಂದರಲ್ಲಿ ಒಂದೊಂದು ಕಾಲನ್ನು ರಾತ್ರಿಯಿಡೀ ನಿಲ್ಲಿಸುತ್ತೇನೆ. ಬೆಳಿಗ್ಗೆ ಮುಚ್ಚಳ ಬರಿದಾಗಿರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು: ಇಂಥ ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಶಾಖ ಹುಟ್ಟಿ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಬಿಡಿಸಿ ಹರವಿ ಒಣಗಿಸಿ.

ಬೆತ್ತದ ಕುರ್ಚಿಗೆ ಸೌಮ್ಯ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನೇಯ್ದ ಸೀಟು ಜೋಲುಬಿದ್ದಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಡಿಭಾಗವನ್ನು ಚೆನ್ನಾಗಿ ನೆನೆಸಿ, ಯಾರೂ ಕೂರದಂತೆ ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಬಿಡಿ. ಒಣಗುತ್ತಾ ಬೆತ್ತ ಬಿಗಿಯುತ್ತದೆ. ಬೂಷ್ಟು ಹೋಗದಿದ್ದರೆ ತೆಳು ಬ್ಲೀಚ್ ಬಳಸಬಹುದು, ಆದರೆ ಅದಕ್ಕೆ ವಿನೆಗರ್ ಆಗಲಿ ಬಚ್ಚಲು ತೊಳೆಯುವ ಆಸಿಡ್ ಆಗಲಿ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಉಯ್ಯಾಲೆಗೆ ಕ್ರಮ ಸರಳ. ತಂತಿಯ ಬ್ರಷ್‌ನಿಂದ ತುಕ್ಕು ಕೆರೆದು, ಎಮರಿ ಕಾಗದದಿಂದ ಉಜ್ಜಿ, ಟರ್ಪೆಂಟೈನ್‌ನಿಂದ ಒರೆಸಿ, ಅಂದೇ ರೆಡ್ ಆಕ್ಸೈಡ್ ಪ್ರೈಮರ್ (ತುಕ್ಕು ತಡೆಯುವ ತಳಬಣ್ಣ) ಬಳಿಯಿರಿ. ಅದು ಒಣಗಿದ ಮೇಲೆ ಎರಡು ಕೋಟ್ ಎನಾಮೆಲ್. ಮಧ್ಯಾಹ್ನ ಕಾದ ಕಬ್ಬಿಣಕ್ಕೆ ಬಣ್ಣ ಹಚ್ಚಿದರೆ ಗುಳ್ಳೆ ಏಳುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಬಣ್ಣಕ್ಕೆ ಮೊದಲು ಸರಪಳಿಯನ್ನು ಕಳಚಿ, ಮೇಲಿನ ಕೊಕ್ಕೆ ಸವೆದಿದೆಯೇ ನೋಡಿ. ಸವೆದು ತೆಳ್ಳಗಾಗಿದ್ದರೆ ಅದಕ್ಕೆ ಬಣ್ಣ ಬಳಿಯದೆ ಹೊಸದನ್ನೇ ಹಾಕಿಸಿ.