ಕಾರ್ಡಿನ ಕೊನೆಯ ಸಾಲಿನ ತಾರೀಖು

ಹೊರದೇಶದಲ್ಲಿ ನಮ್ಮವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಮೂರು ಪತ್ರ ತೆಗೆದುಕೊಂಡಿದ್ದೇನೆ. ಮೂರೂ ಒಂದೇ ವಿಷಯದ ಸುತ್ತ ಇವೆ. ಅಮೆರಿಕದಲ್ಲಿ ಸದ್ಯಕ್ಕೆ ಗಡಿಪಾರು ಮಾಡೋದಿಲ್ಲ ಎಂದು ಸರ್ಕಾರ ಬಿಟ್ಟಿರುವವರ ವರ್ಕ್ ಪರ್ಮಿಟ್ ಮುಂದುವರಿಯೋದು ಹೇಗೆ ಅನ್ನೋದು ವಿಷಯ. ಚಿಕ್ಕ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಕಾಗದಪತ್ರವಿಲ್ಲದೆ ಬೆಳೆದವರಿಗೆ ಕೊಡುವ ಇಂಥ ಅನುಮತಿಗೆ ಡಾಕಾ ಅಂತಾರೆ. ಹೊಸ ಓದುಗರಿಗೆ ಒಂದು ಮಾತು: ನಾನು ನ್ಯೂಜೆರ್ಸಿಯಲ್ಲಿ ವಲಸೆ ವಕೀಲರೊಬ್ಬರ ಕಚೇರಿಯಲ್ಲಿ 13 ವರ್ಷ ಅರ್ಜಿ ತುಂಬುವ ಕೆಲಸ ಮಾಡಿದವಳು. ಈಗ ಮಡಿಕೇರಿಯಲ್ಲಿದ್ದೇನೆ. ನಾನು ವಕೀಲೆ ಅಲ್ಲ.

ಪ್ರಶ್ನೆ: ಅಕ್ಕಾ, ನನ್ನ ಅಣ್ಣ ಅತ್ತಿಗೆ 2004ರಲ್ಲಿ ವಿಸಿಟರ್ ವೀಸಾದಲ್ಲಿ ಅಮೆರಿಕಕ್ಕೆ ಹೋದವರು ವಾಪಸ್ ಬರಲಿಲ್ಲ. ಮಗನಿಗೆ ಆಗ ನಾಲ್ಕು ವರ್ಷ, ಮಗಳು ಕೈಗೂಸು. ಮಗನಿಗೆ 2016ರಲ್ಲಿ, 16 ವರ್ಷಕ್ಕೇ ಡಾಕಾ ಸಿಕ್ಕಿತು. ಈಗ ನರ್ಸ್ ಆಗಿದ್ದಾನೆ. 2024ರಲ್ಲಿ ಹೊಸ ವರ್ಕ್ ಪರ್ಮಿಟ್ ಕಾರ್ಡ್ 23 ದಿನ ತಡವಾಗಿ ಬಂತು. ಅಷ್ಟೂ ದಿನ ಆಸ್ಪತ್ರೆಯವರು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. ಈ ವರ್ಷ ಅಕ್ಟೋಬರ್ 20ಕ್ಕೆ ಮತ್ತೆ ಮುಗಿಯುತ್ತದೆ. ಅರ್ಜಿ ಹಾಕಿದರೆ ತಾನಾಗಿಯೇ 540 ದಿನ ಮುಂದೆ ಹೋಗುತ್ತೆ ಅಂತಾರೆ, ನಿಜವಾ? ಟೆಕ್ಸಾಸ್‌ನಲ್ಲಿ ಜಾಸ್ತಿ ಸಂಬಳದ ಕೆಲಸವೂ ಬಂದಿದೆಯಂತೆ. ಮಗಳು 2021ರ ಫೆಬ್ರವರಿಯಲ್ಲಿ ಹಾಕಿದ ಅರ್ಜಿ ಏನಾಯಿತೋ ಗೊತ್ತಿಲ್ಲ. ನಮ್ಮ ಅವ್ವ ಹೋದ ವರ್ಷ ತೀರಿಕೊಂಡರು. ಮಾದಕ್ಕೆ (ತಿಥಿ ಕಾರ್ಯಕ್ಕೆ) ಆ ಮೊಮ್ಮಕ್ಕಳು ಇರಲಿಲ್ಲ, ಫೋನಿನಲ್ಲೇ ನೋಡಿದರು. ಅಪ್ಪನಿಗೆ 86, ವಾರಕ್ಕೆ ಎರಡು ಸಲ ಡಯಾಲಿಸಿಸ್. ಅಣ್ಣನ ಮಗ ಈ ಪುತ್ತರಿ ಹಬ್ಬಕ್ಕೆ ಐನ್‌ಮನೆಗೆ (ಹಿರಿಯರ ಮನೆಗೆ) ಬಂದು ಹೋಗಬಹುದಾ?
(ಹೆಸರು ಬೇಡ, ಗೋಣಿಕೊಪ್ಪ)

ಉತ್ತರ: ತಂಗೀ, ನಿಮ್ಮ ಪತ್ರ ಓದಿದಾಗ ನನಗೆ ನಮ್ಮ ಕಚೇರಿಗೆ ಬರುತ್ತಿದ್ದ ಒಬ್ಬ ಹುಡುಗ ನೆನಪಾದ. ಹಗಲು ಪಿಜ್ಜಾ ಅಂಗಡಿ, ರಾತ್ರಿ ಕಾಲೇಜು. ಅವನ ಕಾರ್ಡ್ ನಮ್ಮ ವಿಳಾಸಕ್ಕೇ ಬಂದಿತ್ತು. ಲಕೋಟೆ ಹರಿದು ಕಾರ್ಡ್ ತೆಗೆದ. ಫೋಟೊ ನೋಡಲಿಲ್ಲ, ಹೆಸರು ಸರಿ ಇದೆಯಾ ಅಂತಲೂ ನೋಡಲಿಲ್ಲ. ಹೆಬ್ಬೆರಳು ಕೆಳಗೆ ಜಾರಿಸಿ ಕೊನೆಯ ಸಾಲಿನ ತಾರೀಖು ನೋಡಿದ. ಬೆರಳು ಮಡಿಸಿ ತಿಂಗಳು ಎಣಿಸಿದ. ಆಮೇಲೆ ಉಸಿರು ಬಿಟ್ಟ. ಆ ಮಕ್ಕಳ ಬದುಕೆಲ್ಲ ಆ ಒಂದು ಸಾಲಿನಲ್ಲಿ ಇರುತ್ತದೆ. ಕೆಲಸ ಅದರ ಮೇಲೆ. ಎಷ್ಟೋ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಕೂಡ ಅದರ ಮೇಲೆಯೇ.

540 ದಿನದ ಮಾತು ಡಾಕಾದವರಿಗೆ ಯಾವತ್ತೂ ಸಲ್ಲುತ್ತಿರಲಿಲ್ಲ. ಕಾರ್ಡಿನ ಮೇಲೆ ಕೆಟಗರಿ ಅಂತ ಇರುತ್ತೆ ನೋಡಿ, ನಿಮ್ಮ ಹುಡುಗನದು ಸಿ-33. ಅರ್ಜಿ ಬಾಕಿ ಇರುವಾಗ ಹಳೇ ಕಾರ್ಡ್ ತಾನಾಗಿ ಮುಂದುವರಿಯುವ ಪಟ್ಟಿಯಲ್ಲಿ ಸಿ-33 ಇರಲೇ ಇಲ್ಲ. ಪಟ್ಟಿಯಲ್ಲಿ ಇದ್ದವರಿಗೂ 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಆ ಸೌಲಭ್ಯ ತೆಗೆದುಬಿಟ್ಟರು. ಹಾಗಾಗಿ ಆ ಮಾತನ್ನು ನಂಬಿ ಕೂರೋದು ಬೇಡ. 2024ರಲ್ಲಿ ಆಸ್ಪತ್ರೆಯವರು ಕೂರಿಸಿದ್ದು ನ್ಯಾಯ ಅಂತ ನನಗೆ ಅನ್ನಿಸೋದಿಲ್ಲ, ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ತಾರೀಖು ಮುಗಿದ ಕಾರ್ಡಿನವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಕಂಪನಿಗೆ ದಂಡ ಬೀಳುತ್ತೆ.

ಮಾಡಬೇಕಾದ್ದು ಇದು. ಕಾರ್ಡ್ ಮುಗಿಯುವ 150ರಿಂದ 120 ದಿನ ಮೊದಲು ಅರ್ಜಿ ಹಾಕಿ ಅಂತ ವಲಸೆ ಇಲಾಖೆಯೇ ಹೇಳುತ್ತದೆ. ಅಕ್ಟೋಬರ್ 20ರಿಂದ ಹಿಂದಕ್ಕೆ ಎಣಿಸಿದರೆ ಮೇ 23ರಿಂದ ಜೂನ್ 22. ನಾನಾಗಿದ್ದರೆ ಮೇ 23ರ ಬೆಳಿಗ್ಗೆಯೇ ಹಾಕಿಸುತ್ತಿದ್ದೆ. ಹೂ ಮಳೆ ಬರುತ್ತೆ ಅಂತ ಆಕಾಶ ನೋಡುತ್ತಾ ಕೂತು, ಸ್ಪ್ರಿಂಕ್ಲರ್ ಹಾಕದೆ ರೋಬಸ್ಟಾ ಕಾಫಿ ಫಸಲು ಕಳೆದುಕೊಂಡವರನ್ನು ನಾವೆಲ್ಲ ಕಂಡಿದ್ದೇವೆ, ಅಲ್ವಾ? ಫಾರಂ ಐ-821ಡಿ, ಐ-765, ಜೊತೆಗೆ ಅದರ ವರ್ಕ್‌ಶೀಟ್. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ ಆನ್‌ಲೈನ್‌ನಲ್ಲಿ 555 ಡಾಲರ್, ಕಾಗದದಲ್ಲಿ 605. ಹಾಕುವ ದಿನ ಇಲಾಖೆಯ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಲಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಡಾಕಾ ಮುಗಿದು ಒಂದು ವರ್ಷ ದಾಟಿದರೆ ಅದು ನವೀಕರಣ ಅಲ್ಲ, ಹೊಸ ಅರ್ಜಿ ಆಗುತ್ತದೆ. ಹೊಸ ಅರ್ಜಿಗಳ ಗತಿ ಏನು ಅಂತ ಅವನ ತಂಗಿಯ ವಿಷಯದಲ್ಲೇ ನೋಡುತ್ತಿದ್ದೀರಿ.

ಇಷ್ಟೊಂದು ಅಲುಗಾಟ ಯಾಕೆ ಅಂತ ಕೇಳಬಹುದು. ನಮ್ಮ ಕೋವಿಯ ವಿಷಯ ನೆನೆಸಿಕೊಳ್ಳಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ಬೇಡ ಅನ್ನೋದು ಕೇಂದ್ರ ಕೊಟ್ಟ ವಿನಾಯಿತಿ. 2019ರಲ್ಲಿ ಅದನ್ನು 2029ರವರೆಗೆ ಅಂತ ಅವಧಿ ಕಟ್ಟಿ ಕೊಟ್ಟರು. ಅಧಿಸೂಚನೆ ಹೊರಡಿಸಿದವರು ಅದನ್ನು ಬದಲಿಸಲೂಬಹುದು, ಕೋರ್ಟಿನಲ್ಲಿ ಯಾರು ಬೇಕಾದರೂ ಪ್ರಶ್ನೆ ಮಾಡಬಹುದು. ಡಾಕಾ ಕೂಡ ಅದೇ ಜಾತಿ. ಅಲ್ಲಿನ ಸಂಸತ್ತು ಮಾಡಿದ ಕಾಯ್ದೆ ಅದಲ್ಲ. ಈ ಮಕ್ಕಳಿಗಾಗಿ 2001ರಲ್ಲೇ ಮಸೂದೆ ತಂದರು. 2010ರಲ್ಲಿ ಕೆಳಮನೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ಬಿದ್ದುಹೋಯಿತು. ಆಮೇಲೆ ಒಬಾಮ ಸರ್ಕಾರ 2012ರ ಜೂನ್ 15ರಂದು ತನ್ನ ಅಧಿಕಾರದಲ್ಲೇ ಡಾಕಾ ತಂದಿತು. 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸರ್ಕಾರ ನಿಲ್ಲಿಸುತ್ತೇವೆ ಎಂದಿತು. ನಿಲ್ಲಿಸಿದ ರೀತಿ ಸರಿಯಿಲ್ಲ ಎಂದು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. 2021ರ ಜುಲೈ 16ರಂದು ಟೆಕ್ಸಾಸ್‌ನ ಒಬ್ಬ ಫೆಡರಲ್ ನ್ಯಾಯಾಧೀಶರು ಡಾಕಾವೇ ಕಾನೂನುಬಾಹಿರ ಎಂದರು. ಇದ್ದವರು ನವೀಕರಿಸಬಹುದು, ಹೊಸಬರಿಗೆ ಕೊಡುವ ಹಾಗಿಲ್ಲ ಎಂದಾಯಿತು.

ನಾನು ಮರೆಯದ ವರ್ಷ 2015. ಎರಡರ ಬದಲು ಮೂರು ವರ್ಷದ ಕಾರ್ಡ್ ಕೊಡುವುದನ್ನು ಆ ಫೆಬ್ರವರಿಯಲ್ಲಿ ಕೋರ್ಟ್ ತಡೆಯಿತು. ತಡೆ ಬಂದ ಮೇಲೂ ಕೆಲವರಿಗೆ ಮೂರು ವರ್ಷದ ಕಾರ್ಡ್ ಹೋಗಿಬಿಟ್ಟಿತ್ತು. ಇಲಾಖೆ ಅವನ್ನೆಲ್ಲ ವಾಪಸ್ ಕೇಳಿತು. ನಮ್ಮಲ್ಲಿ ಮೂವರ ಕಾರ್ಡ್‌ಗಳನ್ನು ನಾನೇ ಲಕೋಟೆಗೆ ಹಾಕಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಒಬ್ಬ ಹುಡುಗಿ ಕೊಡುವ ಮೊದಲು ಕಾರ್ಡನ್ನು ಮೆಲ್ಲಗೆ ಒರೆಸಿದಳು. ಅವಳು ಏನೂ ತಪ್ಪು ಮಾಡಿರಲಿಲ್ಲ.

ಅದಕ್ಕೇ ಟೆಕ್ಸಾಸ್ ಕೆಲಸಕ್ಕೆ ಈಗಲೇ ಹೂಂ ಅನ್ನಬೇಡಿ ಅಂತೀನಿ. 2025ರ ಜನವರಿ 17ರಂದು ಅಲ್ಲಿನ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಡಾಕಾವನ್ನು ಎರಡು ತುಂಡು ಮಾಡಿತು. ಗಡಿಪಾರು ಮಾಡದಿರುವುದು ಒಂದು, ವರ್ಕ್ ಪರ್ಮಿಟ್ ಇನ್ನೊಂದು. ಮೊದಲನೆಯದು ಉಳಿಯಬಹುದು, ಎರಡನೆಯದು ಟೆಕ್ಸಾಸ್ ರಾಜ್ಯದ ಮಟ್ಟಿಗೆ ಹೋಗಬಹುದು ಅನ್ನೋದು ಆ ತೀರ್ಪಿನ ತಿರುಳು. ಅಲ್ಲಿ ಬದುಕಲು ಬಿಟ್ಟು ದುಡಿಯಲು ಬಿಡದಿದ್ದರೆ ಮನುಷ್ಯ ತಿನ್ನೋದೇನು? ನರ್ಸ್ ಕೆಲಸ ನ್ಯೂಜೆರ್ಸಿಯಲ್ಲೂ ಸಿಗುತ್ತೆ, ನ್ಯೂಯಾರ್ಕ್‌ನಲ್ಲೂ ಸಿಗುತ್ತೆ. ವಕೀಲರನ್ನು ಕೇಳದೆ ಮನೆ ಖಾಲಿ ಮಾಡೋದು ಬೇಡ.

ಮಗಳ ವಿಷಯ ನನಗೆ ಸಂಕಟ ತಂದಿದೆ. 2017ರ ಸೆಪ್ಟೆಂಬರ್‌ನಿಂದ 2020ರ ಡಿಸೆಂಬರ್‌ವರೆಗೆ ಹೊಸ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ಏಳು ತಿಂಗಳು ಬಾಗಿಲು ತೆರೆದಿತ್ತು. ಅವಳು ಹೊತ್ತಿಗೆ ಸರಿಯಾಗಿಯೇ ಹಾಕಿದ್ದಾಳೆ, ಕೈಗೆ ಬರುವ ಮೊದಲು ಬಾಗಿಲು ಮುಚ್ಚಿತು. ಆ ಅರ್ಜಿಯನ್ನು ಹಿಂದೆ ತೆಗೆದುಕೊಳ್ಳಬೇಡಿ, ರಸೀದಿ ಜೋಪಾನ ಮಾಡಿ, ವಿಳಾಸ ಬದಲಾದರೆ ಇಲಾಖೆಗೆ ತಿಳಿಸಿ. ಯಾವ ಕಾರಣಕ್ಕೂ ಅವಳು ಅಲ್ಲಿಂದ ಹೊರಡಬಾರದು. 18 ತುಂಬಿದ ಮೇಲೆ ಕಾಗದವಿಲ್ಲದೆ ಕಳೆದ ಪ್ರತಿ ದಿನವನ್ನೂ ಅವರು ಎಣಿಸುತ್ತಾರೆ. ಅರ್ಜಿ ಬಾಕಿ ಇದೆ ಅಂದರೂ ಎಣಿಕೆ ನಿಲ್ಲೋದಿಲ್ಲ. ಒಂದು ವರ್ಷ ದಾಟಿದವರು ದೇಶ ಬಿಟ್ಟರೆ ಹತ್ತು ವರ್ಷ ಒಳಗೆ ಬಿಡೋದಿಲ್ಲ. ಅವಳ ಅಣ್ಣನಿಗೆ 18ರ ಒಳಗೇ ಡಾಕಾ ಸಿಕ್ಕಿದ್ದರಿಂದ ಅವನ ಲೆಕ್ಕದಲ್ಲಿ ಇರೋದು ಆ 23 ದಿನ ಮಾತ್ರ. 180 ದಾಟಿದರೆ ತೊಂದರೆ, ಅವನು ಅದರ ಹತ್ತಿರವೂ ಇಲ್ಲ.

ಈಗ ಊರಿಗೆ ಬರುವ ಮಾತು. ಅಡ್ವಾನ್ಸ್ ಪೆರೋಲ್ ಅಂತ ಒಂದು ಅನುಮತಿ ಪತ್ರ ಇದೆ, ಫಾರಂ ಐ-131. ಅದಿಲ್ಲದೆ ವಿಮಾನ ಹತ್ತಿದರೆ ಡಾಕಾ ಕಳೆದುಕೊಂಡ ಹಾಗೆಯೇ. ಓದು, ಕೆಲಸ, ಮಾನವೀಯ ಕಾರಣ, ಈ ಮೂರಕ್ಕೆ ಮಾತ್ರ ಕೊಡುತ್ತಾರೆ. ಹಬ್ಬಕ್ಕೆ ಕೊಡೋದಿಲ್ಲ. ಆದರೆ ಕಾಯಿಲೆಯಲ್ಲಿರುವ ತಾತನನ್ನು ನೋಡೋದು ಮಾನವೀಯ ಕಾರಣವೇ, ಮತ್ತು ಅದು ನಿಜವಾದ ಕಾರಣ. ಅಪ್ಪನ ಡಾಕ್ಟರ ಹತ್ತಿರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ: ಕಾಯಿಲೆ ಏನು, ಎಷ್ಟು ದಿನದಿಂದ ಡಯಾಲಿಸಿಸ್, ಸ್ಥಿತಿ ಹೇಗಿದೆ. ತಾತ, ನಿಮ್ಮ ಅಣ್ಣ, ಮೊಮ್ಮಗ, ಈ ಮೂವರ ಸಂಬಂಧ ತೋರಿಸುವ ಜನನ ಪ್ರಮಾಣಪತ್ರಗಳೂ ಬೇಕು. ನಾಲ್ಕು ವರ್ಷದವನಿದ್ದಾಗ ಮಾಡಿಸಿದ ಪಾಸ್‌ಪೋರ್ಟ್ ಎಂದೋ ಮುಗಿದಿರುತ್ತೆ, ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಮೊದಲು ಹೊಸದು ಮಾಡಿಸಲಿ. ಹೋಗಿ ಬರೋದೆಲ್ಲ ಡಾಕಾದ ಅವಧಿಯೊಳಗೇ ಆಗಬೇಕು. ಪುತ್ತರಿ ಬರೋದು ನವೆಂಬರ್ ಕೊನೆಗೋ ಡಿಸೆಂಬರ್‌ಗೋ, ಕಾರ್ಡ್ ಮುಗಿಯೋದು ಅಕ್ಟೋಬರ್‌ಗೆ. ಹಾಗಾಗಿ ಹೊಸ ಕಾರ್ಡ್ ಕೈಗೆ ಬರದೆ ಟಿಕೆಟ್ ಮಾಡಿಸಬೇಡಿ. ಪತ್ರ ಇದ್ದರೂ ವಾಪಸ್ ಇಳಿದಾಗ ಒಳಗೆ ಬಿಡೋದು ವಿಮಾನ ನಿಲ್ದಾಣದ ಅಧಿಕಾರಿಯ ಕೈಯಲ್ಲಿದೆ. ಈಗಿನ ಕಾಲದಲ್ಲಿ ಅದು ಸಣ್ಣ ಅಪಾಯ ಅಲ್ಲ. ಬಾ ಅಂತಲೂ ಬೇಡ ಅಂತಲೂ ನಾನು ಹೇಳಲಾರೆ. ನನ್ನ ಅಪ್ಪನಿಗೆ 86 ಆಗಿದ್ದರೆ ನಾನೂ ನಿಮ್ಮ ಹಾಗೆಯೇ ಬರೆಯುತ್ತಿದ್ದೆ.

ಪ್ರಶ್ನೆ: ನಮ್ಮ ಹೋಂಸ್ಟೇ ಅಡುಗೆಯವರು ನೇಪಾಳದವರು. ಅವರ ಅಕ್ಕ ಅಮೆರಿಕದಲ್ಲಿ ಟಿ.ಪಿ.ಎಸ್. (ತಾತ್ಕಾಲಿಕ ರಕ್ಷಣೆ) ಮೇಲೆ ಇದ್ದಾರೆ. ಕಾರ್ಡಿನ ತಾರೀಖು ಮುಗಿದಿದ್ದರೂ ಮುಂದುವರಿದಿದೆ ಅಂತ ಒಬ್ಬರು, ಎಲ್ಲ ಮುಗಿಯಿತು ಅಂತ ಇನ್ನೊಬ್ಬರು. ಯಾವುದನ್ನು ನಂಬೋದು? ಇಲ್ಲಿಂದಲೇ ಅವಧಿ ಹೆಚ್ಚಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ 40 ಸಾವಿರ ಕೇಳುತ್ತಿದ್ದಾನೆ.
(ಓದುಗರು, ಕುಶಾಲನಗರ)

ಉತ್ತರ: ಏಜೆಂಟನಿಗೆ ಒಂದು ರೂಪಾಯಿಯೂ ಕೊಡಬೇಡಿ. ಇಲ್ಲಿ ಕೂತು ಅದನ್ನು ಹೆಚ್ಚಿಸಲು ಯಾರಿಗೂ ಆಗೋದಿಲ್ಲ.

ಟಿ.ಪಿ.ಎಸ್. ಅನ್ನೋದು 1990ರ ಕಾಯ್ದೆಯಲ್ಲೇ ಇದೆ. ಯುದ್ಧ, ಭೂಕಂಪದಂಥ ಕಾರಣಕ್ಕೆ ಊರಿಗೆ ಹೋಗಲಾಗದ ದೇಶದವರನ್ನು 6, 12 ಅಥವಾ 18 ತಿಂಗಳು ಇರಲು, ದುಡಿಯಲು ಬಿಡುತ್ತಾರೆ. ಅವಧಿ ಮುಗಿಯುವಾಗ ಮತ್ತೆ ಪರಿಶೀಲಿಸುತ್ತಾರೆ. ನೇಪಾಳಕ್ಕೆ ಸಿಕ್ಕಿದ್ದು 2015ರ ಏಪ್ರಿಲ್ 25ರ ಭೂಕಂಪದಿಂದ. 2018ರಲ್ಲಿ ನಿಲ್ಲಿಸುತ್ತೇವೆ ಎಂದರು, ಜನ ಕೋರ್ಟಿಗೆ ಹೋದರು, ವರ್ಷಗಟ್ಟಲೆ ಉಳಿಯಿತು. 2023ರಲ್ಲಿ ಸರ್ಕಾರವೇ 2025ರ ಜೂನ್ 24ರವರೆಗೆ ಮುಂದುವರಿಸಿತು. ಆಮೇಲೆ ಬಂದ ಸರ್ಕಾರ 2025ರ ಆಗಸ್ಟ್ 5ಕ್ಕೆ ಮುಗಿಯಿತು ಎಂದಿತು. ಮತ್ತೆ ಕೋರ್ಟು. ಕೆಳಗಿನ ಕೋರ್ಟ್ ತಡೆ ಕೊಟ್ಟಿತು, ಮೇಲಿನದು ಆ ತಡೆ ತೆರವು ಮಾಡಿತು. ಅದಕ್ಕೇ ನಿಮಗೆ ಇಬ್ಬರು ಎರಡು ಮಾತು ಹೇಳಿದ್ದು. ಬೇರೆ ಬೇರೆ ತಿಂಗಳಲ್ಲಿ ಎರಡೂ ನಿಜವಾಗಿತ್ತು.

ಟಿ.ಪಿ.ಎಸ್. ಕಾರ್ಡಿನಲ್ಲಿ ಎ-12 ಅಥವಾ ಸಿ-19 ಅಂತ ಇರುತ್ತೆ. ಇವರ ಮಟ್ಟಿಗೆ ಕಾರ್ಡಿನ ತಾರೀಖೊಂದೇ ಕೊನೆಯಲ್ಲ. ಫೆಡರಲ್ ರಿಜಿಸ್ಟರ್, ಅಂದರೆ ಅವರ ಗೆಜೆಟ್, ಅದರಲ್ಲಿ ಹಳೇ ಕಾರ್ಡ್ ಇಂಥ ದಿನದವರೆಗೆ ನಡೆಯುತ್ತೆ ಅಂತ ಪ್ರಕಟಿಸಿದರೆ ಕಾರ್ಡ್ ಮುಗಿದಿದ್ದರೂ ಕೆಲಸ ಮಾಡಬಹುದು. ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ನೇಪಾಳಕ್ಕೇ ಒಂದು ಪುಟ ಇದೆ. ಅಕ್ಕ ಇವತ್ತಿನ ತಾರೀಖಿನಲ್ಲಿ ಅದನ್ನು ತೆಗೆದು ನೋಡಲಿ. ಮುಂದುವರಿದಿದೆ ಅಂತ ಇದ್ದರೆ ಪ್ರಿಂಟ್ ಮಾಡಿ ಮಾಲೀಕರಿಗೆ ಕೊಡಲಿ. ಇಲ್ಲ ಅಂತ ಇದ್ದರೆ ಅದೇ ದಿನ ವಕೀಲರನ್ನು ಕಾಣಲಿ.

ನಿಮ್ಮ ಅಡುಗೆಯವರಿಗೆ ಒಂದು ಮಾತು. ಭೂಕಂಪ ಆಗಿ ಇಷ್ಟು ವರ್ಷ ಆಯಿತಲ್ಲ, ವಾಪಸ್ ಹೋಗಲಿ ಅಂತ ಯಾರಾದರೂ ಅಂದರೆ ನಮ್ಮ 2018ರ ಆಗಸ್ಟ್ ನೆನಪಿಸಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಟಾರ್ಪಾಲಿನ ಕೆಳಗೆ ಪಾತ್ರೆ ಜೋಡಿಸಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ಮಳೆ ನಿಂತ ಮೇಲೆ ಅವರಿಗೆ ಹಿಂತಿರುಗಲು ಅಲ್ಲಿ ಅಂಗಳವೇ ಇರಲಿಲ್ಲ.

ಪ್ರಶ್ನೆ: ಅಳಿಯ 2009ರಿಂದ ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದಾನೆ. ಮೊಮ್ಮಗನಿಗೆ 20 ಆಯಿತು. 21ಕ್ಕೆ ಅಪ್ಪನ ವೀಸಾ ಆಸರೆ ಹೋಗುತ್ತಂತೆ. ಡಾಕಾಗೆ ಹಾಕಬಹುದಾ?
(ನಿವೃತ್ತ ಶಿಕ್ಷಕರು, ಸೋಮವಾರಪೇಟೆ)

ಉತ್ತರ: ಆಗೋದಿಲ್ಲ ಸರ್. ಹೊಸ ಅರ್ಜಿ ಮಂಜೂರು ಮಾಡುತ್ತಿಲ್ಲ ಅನ್ನೋದು ಒಂದು. 2007ರ ಜೂನ್ 15ರಿಂದ ಅಲ್ಲೇ ಇದ್ದಿರಬೇಕು ಅನ್ನೋದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ನೋಯಿಸುವಂಥದ್ದು: 2012ರ ಜೂನ್ 15ರಂದು ಕಾಗದಪತ್ರ ಸರಿ ಇಲ್ಲದವರಿಗೆ ಮಾತ್ರ ಡಾಕಾ. ನಿಮ್ಮ ಮಗಳು ಅಳಿಯ ಎಲ್ಲ ಸರಿಯಾಗಿ ಇಟ್ಟುಕೊಂಡಿದ್ದಾರೆ. ಹುಡುಗ ಓದುತ್ತಿದ್ದರೆ 21 ತುಂಬುವ ಮೊದಲೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಲು ಅರ್ಜಿ ಹಾಕಲಿ. ಅಪ್ಪನ ಗ್ರೀನ್ ಕಾರ್ಡ್ ಅರ್ಜಿ ಇದ್ದರೆ ಮಗನ ವಯಸ್ಸು ಲೆಕ್ಕ ಹಾಕುವಾಗ ಸ್ವಲ್ಪ ಕಳೆಯುವ ಕಾಯ್ದೆಯೂ ಒಂದಿದೆ, 2002ರದು. ಅದು ಸಲ್ಲುತ್ತದಾ ಅಂತ ಅಳಿಯನ ಕಂಪನಿಯ ವಕೀಲರನ್ನು ಈ ವಾರವೇ ಕೇಳಲು ಹೇಳಿ. ಹುಟ್ಟಿದ ತಾರೀಖು, ಅರ್ಜಿ ಹಾಕಿದ ತಾರೀಖು, ಅದು ಮಂಜೂರಾದ ತಾರೀಖು, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಕೇಳಲಿ.